ಕರೆ ಬಂದ ದಾಖಲೆ ಇಲ್ಲ

ಕೊಂಡಿ ಅಣ್ಣನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಅವರ ಕುರ್ಚಿ ಕಿತ್ತುಕೊಂಡವಳೇ ನಾನು. ಆದರೆ ಬೇರೆ ಯಾರೂ ಬರೆಯುವ ಲಕ್ಷಣ ಕಾಣುತ್ತಿಲ್ಲ, ಅವರಂತೂ ತಮ್ಮ ಬಗ್ಗೆ ನಾಲ್ಕು ಸಾಲು ಬರೆಯಿರಿ ಎಂದರೆ ಮೂರು ಸಾಲು ಬೇರೆಯವರ ಬಗ್ಗೆ ಬರೆಯುವವರು. ಹಾಗಾಗಿ ಈ ಕೆಲಸ ನನ್ನ ತಲೆಗೇ ಬಂದಿದೆ.

ನಮ್ಮದು ಮನೆಮನೆಗೆ ಆಕ್ಸಿಜನ್ ಸಿಲಿಂಡರ್ ಕಳಿಸುವ ಕಂಪನಿ. ಶ್ವಾಸಕೋಶ ಕೆಟ್ಟವರು, ಆಸ್ಪತ್ರೆಯಿಂದ ಮನೆಗೆ ಕಳಿಸಿದವರು, ಮೂಗಿಗೆ ನಳಿಕೆ ಇಲ್ಲದೆ ಬಚ್ಚಲಿಗೂ ಹೋಗಲಾಗದವರು ನಮ್ಮ ಗಿರಾಕಿಗಳು. ಕಂಪನಿಯಲ್ಲಿ ನಾಲ್ಕು ವಿಭಾಗ: ಆರ್ಡರ್, ಸ್ಟೋರ್, ಗಾಡಿ, ರಿಪೇರಿ. ನಾಲ್ಕಕ್ಕೂ ಬೇರೆ ಬೇರೆ ಕಂಪ್ಯೂಟರ್, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದ ಪ್ರೋಗ್ರಾಮು. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಒಂದಕ್ಕೊಂದು ಮುಖ ಕೊಡುತ್ತಿರಲಿಲ್ಲ. ಆರ್ಡರಿನವರ ಪರದೆಯಲ್ಲಿ ಬಂದದ್ದು ಸ್ಟೋರಿಗೆ ಗೊತ್ತಾಗಬೇಕಾದರೆ ನಡುವೆ ಒಬ್ಬ ಮನುಷ್ಯ ಬೇಕಿತ್ತು. ಆ ಮನುಷ್ಯನೇ ಕೊಂಡಿ ಅಣ್ಣ.

ಅವರ ಮೇಜು ಇದ್ದದ್ದು ಯಾವ ವಿಭಾಗದೊಳಗೂ ಅಲ್ಲ, ನಾಲ್ಕೂ ಬಾಗಿಲು ಕಾಣುವ ನಡುಹಾದಿಯಲ್ಲಿ. ಮೇಜಿನ ಮೇಲೆ ಮೂರು ಫೋನು. ಇಪ್ಪತ್ತೇಳು ವರ್ಷ ಅವರು ಒಂದು ಫೋನಿನಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಹೇಳಿದರು. ಸ್ಟೋರಿನವನಿಗೆ ಸಿಟ್ಟು ಬಂದಿದ್ದರೆ ಗಾಡಿಯವನಿಗೆ ಅದನ್ನು ಸೋಸಿ ಹೇಳುತ್ತಿದ್ದರು. ಮನೆಯಲ್ಲೂ ಅದೇ ಚಾಳಿ ಅಂತೆ. "ನಮ್ಮ ನಾದಿನಿ ನನ್ನನ್ನ ಬೈದ್ರೂ ಇವರ ಬಾಯಲ್ಲಿ ಕೇಳಿದ್ರೆ ಹೊಗಳಿದ ಹಾಗೇ ಇರುತ್ತೆ" ಎಂದು ಅವರ ಹೆಂಡತಿ ನನ್ನ ಹತ್ತಿರ ಒಮ್ಮೆ ದೂರಿದ್ದರು.

ಮ್ಯಾನೇಜರ್ ನನ್ನನ್ನು ಕರೆಸಿದ್ದು ಈ ಕೊಂಡಿಯನ್ನು ಕಳಚುವುದಕ್ಕೇ. ಅವರು ಹಾಗೆ ಹೇಳಲಿಲ್ಲ. "ವ್ಯವಹಾರ ಒಂದು ಕಡೆ ಎಳೀತಿದೆ, ಕಂಪ್ಯೂಟರ್ ಇನ್ನೊಂದು ಕಡೆ ಎಳೀತಿದೆ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿಕೊಡಿ" ಎಂದರು. ನನ್ನ ಕಸುಬೇ ಅದು. ಪ್ರತಿ ವಿಭಾಗದ ಕೆಲಸವನ್ನೂ ಒಂದೊಂದು ಕಿಟಕಿ ಮಾಡುವುದು. ಸ್ಟೋರಿನ ಕಿಟಕಿಗೆ ಗೊತ್ತುಪಡಿಸಿದ ಚೀಟಿ ಕೊಟ್ಟು "ಎಷ್ಟಿದೆ?" ಎಂದರೆ ಅದು ಎಷ್ಟಿದೆ ಎಂದು ಹೇಳಬೇಕು, ಗಾಡಿಯ ಕಿಟಕಿಗೆ ಚೀಟಿ ಕೊಟ್ಟರೆ ಗಾಡಿ ಹೊರಡಬೇಕು. ಒಳಗೆ ಯಾರಿದ್ದಾರೆ, ಹೇಗೆ ಮಾಡುತ್ತಾರೆ ಎಂಬುದು ಹೊರಗಿನವರಿಗೆ ಬೇಕಿಲ್ಲ. ಇಂಥ ಕಿಟಕಿಗೆ ನಮ್ಮವರು ಸರ್ವಿಸ್ ಎನ್ನುತ್ತಾರೆ. ಒಂದು ಸರ್ವಿಸ್ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಕರೆದರೆ ತಪ್ಪದೆ ಓಗೊಡುತ್ತದೆ. ಕರೆಯದಿದ್ದರೆ ಸುಮ್ಮನಿರುತ್ತದೆ. ಈ ಕೊನೆಯ ಮಾತನ್ನು ನಾನು ಎಷ್ಟೋ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿದ್ದೇನೆ.

ಎರಡು ವಾರ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವರು ಮಾಡಿದ್ದನ್ನೆಲ್ಲ ಬರೆದುಕೊಂಡೆ.

"ನನ್ನ ತಲೆ ತೆಗೆದು ಆ ಡಬ್ಬದೊಳಗೆ ಹಾಕ್ತೀರಾ ಮೇಡಂ?" ಎಂದರು ಮೊದಲ ದಿನ.

"ಹಾಗೇ ಅಂದ್ಕೊಳ್ಳಿ ಅಣ್ಣ."

"ಹಾಕಿ ಹಾಕಿ. ಒಳಗೆ ಧೂಳು ಜಾಸ್ತಿ, ಒಂದು ಸಲ ಕೊಡವಿ ಹಾಕಿ."

ಮೂರನೆಯ ದಿನಕ್ಕೆ ಮೇಡಂ ಹೋಗಿ 'ಅಮ್ಮ' ಆದೆ. ಹತ್ತನೆಯ ದಿನದಿಂದ ಅವರ ಡಬ್ಬಿಯ ಊಟದಲ್ಲಿ ನನಗೂ ಒಂದು ಪಾಲು ತೆಗೆದಿಟ್ಟು ಹೋಗುತ್ತಿದ್ದರು. ಆದರೆ ಊಟದ ಬಿಡುವಿನಲ್ಲಿ ಅವರು ಅಲ್ಲಿ ಇರುತ್ತಿರಲಿಲ್ಲ. ಡಬ್ಬಿ ಹಿಡಿದು ಮೂರನೇ ಮಹಡಿಯ ಮೆಟ್ಟಿಲ ತಿರುವಿಗೆ ಹೋಗುತ್ತಿದ್ದರು, ಅಲ್ಲಿ ಒಂದು ಕಿಟಕಿ, ಮುರಿದ ಒಂದು ಸ್ಟೂಲು. ಬರುವಾಗ ಡಬ್ಬಿಯಲ್ಲಿ ಅರ್ಧ ಊಟ ಹಾಗೇ ಉಳಿದಿರುತ್ತಿತ್ತು. ವಯಸ್ಸಾದವರು, ಒಂದು ಗಳಿಗೆ ಒಬ್ಬರೇ ಇರಲಿ ಎಂದುಕೊಂಡೆ. ಬಿಡುವಿನ ಹೊತ್ತು ಕೆಲಸದ ಹೊತ್ತಲ್ಲ ಎಂದು ಪೆನ್ನಿಗೂ ಬಿಡುವು ಕೊಟ್ಟೆ.

ಆ ಮೆಟ್ಟಿಲ ತಿರುವಿನಲ್ಲಿ ಅವರು ಮಾಡುತ್ತಿದ್ದದ್ದು ಏನೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಈಗಲೇ ಹೇಳಿಬಿಡುತ್ತೇನೆ. ಅವರು ತಮ್ಮ ಮೊಬೈಲಿನಿಂದ ಹನ್ನೊಂದು ಮನೆಗಳಿಗೆ ಫೋನು ಮಾಡುತ್ತಿದ್ದರು. ಸಿಲಿಂಡರ್ ಬೇಕೆಂದು ಫೋನು ಮಾಡುವವರಿಗಲ್ಲ, ಮಾಡದವರಿಗೆ. ಒಬ್ಬರಿಗೆ ಮರೆವು, ಒಬ್ಬರಿಗೆ ಸಂಕೋಚ, ಒಬ್ಬರಿಗೆ ಕಿವಿ ಮಂದ. ಒಬ್ಬನಿಗೆ ಮಾತಾಡುವಷ್ಟು ಉಸಿರೇ ಇರಲಿಲ್ಲ.

ಆ ಒಬ್ಬ ಕಲ್ಲುಕುಟಿಗ. ಕಟ್ಟಡಗಳ ಅಡಿಗಲ್ಲಿನ ಮೇಲೆ, ಬಾಗಿಲ ಪಕ್ಕದ ಫಲಕಗಳ ಮೇಲೆ ದೊಡ್ಡವರ ಹೆಸರು ಕೆತ್ತಿ ಕೆತ್ತಿ ಕಲ್ಲಿನ ಪುಡಿಯನ್ನೆಲ್ಲ ಎದೆಯೊಳಗೆ ಇಳಿಸಿಕೊಂಡಿದ್ದ. ನಲವತ್ತೆಂಟು ವಯಸ್ಸು. ನಾಲ್ಕು ಮಾತು ಆಡಿದರೆ ಹತ್ತು ನಿಮಿಷ ಏದುಸಿರು. ಕೊಂಡಿ ಅಣ್ಣ ಅವನ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದರು. ಇವರು "ಎಷ್ಟಪ್ಪಾ?" ಎನ್ನಬೇಕು, ಅವನು ತುಂಬಿದ ಸಿಲಿಂಡರ್ ಎಷ್ಟು ಉಳಿದಿವೆಯೋ ಅಷ್ಟು ಸಲ ಉಗುರಿನಿಂದ ಫೋನಿನ ಬಾಯಿಗೆ ಕುಟ್ಟಬೇಕು. ಒಂದೂ ಉಳಿದಿಲ್ಲ, ಮೂಗಿಗಿರುವುದೇ ಕೊನೆಯದು ಎಂದಾದರೆ ಉದ್ದಕ್ಕೆ ಗೀರಬೇಕು. ಕುಟ್ಟುವುದು ಅವನ ಕುಲಕಸುಬು, ಅದರಲ್ಲಿ ತಪ್ಪುವ ಮಾತೇ ಇರಲಿಲ್ಲ. ಕೊಂಡಿ ಅಣ್ಣ ಎಣಿಸಿಕೊಂಡು ಕೆಳಗೆ ಬಂದು, ಅವನೇ ಆರ್ಡರ್ ಕೊಟ್ಟಂತೆ ಚೀಟಿ ಬರೆದು ಆರ್ಡರ್ ವಿಭಾಗಕ್ಕೆ ಕೊಡುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ, ಎಲ್ಲ ಚೀಟಿಗಳೂ ಅವರ ಕೈಯಿಂದಲೇ ಹಾದುಹೋಗುತ್ತಿದ್ದವಲ್ಲ.

ಇದನ್ನು ಅವರು ನನ್ನಿಂದ ಮುಚ್ಚಿಟ್ಟದ್ದು ಯಾಕೆಂದರೆ, ಆರು ವರ್ಷದ ಹಿಂದೆ ಇದೇ ಕೆಲಸಕ್ಕೆ ಸಿಕ್ಕಿಬಿದ್ದಿದ್ದರು. ಆಗ ಆಫೀಸಿನ ಫೋನಿನಿಂದಲೇ ಮಾಡುತ್ತಿದ್ದರು. ಯಾರದೋ ಮನೆಯ ಮಗ, ನಮ್ಮಪ್ಪ ಇನ್ನೂ ಬದುಕಿದ್ದಾರೋ ಇಲ್ಲವೋ ಎಂದು ಕಂಪನಿಯವರು ದಿನಾ ವಿಚಾರಿಸುತ್ತಾರೆ ಎಂದು ದೂರು ಕೊಟ್ಟಿದ್ದ. ಆಗಿನ ಮ್ಯಾನೇಜರ್ "ಗಿರಾಕಿ ಕೇಳದೆ ನಾವಾಗಿ ಮೂಗು ತೂರಿಸಕೂಡದು" ಎಂದು ಗದರಿ, ಇನ್ನು ಹೀಗೆ ಮಾಡುವುದಿಲ್ಲ, ಮಾಡಿದರೆ ಕೆಲಸದಿಂದ ತೆಗೆಯಬಹುದು ಎಂದು ಬರೆಸಿಕೊಂಡು ಸಹಿ ಹಾಕಿಸಿದ್ದರು. ಆ ಕಾಗದ ಅವರ ಫೈಲಿನಲ್ಲೇ ಇತ್ತು. ನಿವೃತ್ತಿಗೆ ಇನ್ನು ಇಪ್ಪತ್ತು ತಿಂಗಳು. ಮನೆಯಲ್ಲಿ ಮಂಡಿ ಹಿಡಿದುಕೊಂಡು ಕೂತ ಹೆಂಡತಿ.

ಹದಿನಾಲ್ಕನೆಯ ದಿನ ನಾನು ಕೇಳಿದೆ. ಒಂದೊಂದು ಮಾತೂ ನೆನಪಿದೆ.

"ಅಣ್ಣ, ನಾನು ಬರ್ಕೊಳ್ಳದೆ ಬಿಟ್ಟಿದ್ದು ಏನಾದ್ರೂ ಇದೆಯಾ? ಚಿಕ್ಕದಾದ್ರೂ ಪರವಾಗಿಲ್ಲ."

ಅವರು ಮ್ಯಾನೇಜರರ ಗಾಜಿನ ಕೋಣೆಯ ಕಡೆ ನೋಡಿದರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ಇಲ್ಲಮ್ಮ, ಅಷ್ಟೇ" ಎಂದರು.

ನಲವತ್ತೊಂದು ಹೆಜ್ಜೆ ಬರೆದಿದ್ದೆ. ಪ್ರತಿ ಪುಟಕ್ಕೂ ಅವರ ಸಹಿ ತೆಗೆದುಕೊಂಡೆ. ಇಷ್ಟು ಸ್ವಚ್ಛವಾಗಿ ಯಾವ ಕಂಪನಿಯಲ್ಲೂ ನನ್ನ ಕೆಲಸ ಮುಗಿದಿರಲಿಲ್ಲ, ಬೀಗಿಹೋಗಿದ್ದೆ.

ಹೊಸ ವ್ಯವಸ್ಥೆ ಶುರುವಾಯಿತು. ಅದು ಕೆಟ್ಟದಾಗಿತ್ತು ಎಂದು ಹೇಳಿ ನಾನು ಸುಲಭಕ್ಕೆ ಕಣ್ಣೀರು ಹಾಕಿಸುವುದಿಲ್ಲ. ಚೆನ್ನಾಗಿಯೇ ಇತ್ತು. ಆರು ತಾಸು ಹಿಡಿಯುತ್ತಿದ್ದದ್ದು ಎರಡು ತಾಸಿಗೆ ಇಳಿಯಿತು. ಡಾಕ್ಟರು ಬರೆದ ಅಳತೆಯ ಪ್ರಕಾರ ಯಾರಿಗೆ ಯಾವ ದಿನ ಸಿಲಿಂಡರ್ ಮುಗಿಯುತ್ತದೆ ಎಂದು ಅದೇ ಲೆಕ್ಕ ಹಾಕಿ ಗಾಡಿ ಕಳಿಸುತ್ತಿತ್ತು. ಅದಕ್ಕೆ ಮುಂಚೆ ಬೇಕಾದರೆ ಗಿರಾಕಿಯೋ ಮನೆಯವರೋ ನೋಂದಾಯಿಸಿದ ನಂಬರಿನಿಂದಲೇ ಫೋನು ಮಾಡಿ, ಮಷೀನಿನ ದನಿ ಕೇಳಿದ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಬೇಕು. ಹಿಂದೆ ಯಾರೋ ಇನ್ನೊಬ್ಬರ ಹೆಸರಿನಲ್ಲಿ ಸಿಲಿಂಡರ್ ತರಿಸಿ ಮಾರಿಕೊಂಡಿದ್ದರಿಂದ ಬೇರೆ ಯಾರ ಮಾತಿಗೂ ಬಾಗಿಲು ತೆರೆಯದ ಹಾಗೆ ಮಾಡಿದ್ದೆ. ಆ ಜಾಣತನವೂ ನನ್ನದೇ.

ನಡುಹಾದಿಯ ಮೇಜು ತೆಗೆದರು. ಕೊಂಡಿ ಅಣ್ಣನನ್ನು ಕೆಳಗಿನ ಹಳೆಯ ಫೈಲುಗಳ ಕೋಣೆಗೆ ಹಾಕಿದರು. ಬೀರುಗಳ ನಡುವೆ ಕೂತು ಹಳೆಯ ಚೀಟಿಗಳನ್ನು ವರ್ಷದ ಪ್ರಕಾರ ಕಟ್ಟು ಕಟ್ಟುತ್ತಿದ್ದರು. ಅಲ್ಲಿಗೆ ಫೋನೂ ಇಲ್ಲ, ಮಾತಾಡುವವರೂ ಇಲ್ಲ. ನಾನು ಹೋದಾಗೆಲ್ಲ "ಆರಾಮಾಗಿದೀನಮ್ಮ, ಸಂಬಳ ಕೊಟ್ಟು ನಿದ್ದೆ ಮಾಡಿಸ್ತಿದಾರೆ" ಎಂದು ನಗುತ್ತಿದ್ದರು. ಇಪ್ಪತ್ತೇಳು ವರ್ಷ ಮಾತಾಡಿದ ಮನುಷ್ಯ ಸುಮ್ಮನೆ ಕೂರುವುದು ಎಂಥ ಕಷ್ಟ ಎಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಾನು ಕೈತೊಳೆದುಕೊಳ್ಳುತ್ತಿದ್ದೆ ಅನ್ನಿಸುತ್ತದೆ, ನೌಕರಿ ಉಳಿಯಿತಲ್ಲ, ಸಾಕು ಎಂದು.

ಊಟದ ಬಿಡುವಿನ ಫೋನು ಮಾತ್ರ ಅವರು ಬಿಟ್ಟಿರಲಿಲ್ಲ. ಯಾರಿಗಾದರೂ ಕಡಿಮೆ ಬಿದ್ದಿದೆ ಎಂದು ತಿಳಿದರೆ ಮನೆಯವರನ್ನು ಹಿಡಿದು, ಅವರಿಂದಲೇ ಆರ್ಡರ್ ಮಾಡಿಸುತ್ತಿದ್ದರು. ಹೇಗೋ ಎರಡು ತಿಂಗಳು ನಡೆಯಿತು.

ಅದೊಂದು ಮಂಗಳವಾರ. ಕಲ್ಲುಕುಟಿಗನ ಪಕ್ಕದ ಹಳೆಯ ಕಟ್ಟಡ ಒಡೆಯುತ್ತಿದ್ದರು. ಧೂಳಿಗೆ ಉಸಿರು ಕಟ್ಟಿ ಅವನು ನಾಲ್ಕು ದಿನದಿಂದ ಸಿಲಿಂಡರಿನ ತಿರುಪನ್ನು ಜಾಸ್ತಿ ತಿರುಗಿಸಿಕೊಂಡಿದ್ದ. ಡಾಕ್ಟರ ಅಳತೆಗೆ ಅದು ಗೊತ್ತಿಲ್ಲ, ನನ್ನ ಲೆಕ್ಕಕ್ಕೂ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಅವನಿಗೆ ಗಾಡಿ ಶುಕ್ರವಾರ. ಒಂದು ಗಂಟೆ ಹತ್ತು ನಿಮಿಷಕ್ಕೆ ಕೊಂಡಿ ಅಣ್ಣ ಮೆಟ್ಟಿಲ ತಿರುವಿನಿಂದ "ಎಷ್ಟಪ್ಪಾ?" ಎಂದರು. ಆ ಕಡೆಯಿಂದ ಉದ್ದಕ್ಕೆ ಗೀರಿದ ಸದ್ದು ಬಂತು. ಅವನ ಜೊತೆಗಿದ್ದವಳು ಅಕ್ಕ ಒಬ್ಬಳೇ. ಅವಳು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಕೆಲಸಕ್ಕೆ ಹೋಗುವಾಗ ಮೊಬೈಲನ್ನು ಬಾಗಿಲಲ್ಲೇ ಕೊಟ್ಟು ಹೋಗಬೇಕು. ಸಿಗಲಿಲ್ಲ.

"ಹೊಸ ನಂಬರಿಗೆ ನೀನೇ ಒಂದು ಸಲ ಮಾಡಿ ನೋಡು, ನಾನೂ ಇಲ್ಲಿಂದ ಹೇಳ್ತೀನಿ" ಎಂದು ಅವನಿಗೆ ಹೇಳಿ ಆರ್ಡರ್ ವಿಭಾಗಕ್ಕೆ ಹೋದರು. ಅಲ್ಲಿನ ಹುಡುಗಿ ಪರದೆ ನೋಡಿದಳು.

"ಶುಕ್ರವಾರ ಅಂತಿದೆಯಲ್ಲ ಅಣ್ಣ."

"ಇವತ್ತೇ ಬೇಕಮ್ಮ. ಮುಗಿದುಹೋಗಿದೆ."

"ನಿಮಗೆ ಹೇಗೆ ಗೊತ್ತು?"

ಫೋನು ಮಾಡಿದೆ ಎಂದರೆ ಕೊಂಡಿ ಅಣ್ಣ ಸಹಿ ಹಾಕಿದ ಆ ಹಳೆಯ ಕಾಗದ ಹೊರಬರುತ್ತಿತ್ತು. "ಗೊತ್ತು ಅಷ್ಟೇ" ಎಂದರು. ಅವಳು ಕೆಟ್ಟವಳಲ್ಲ. "ಅವರ ನಂಬರಿಂದ ಬರದೆ ನಾನು ಒತ್ತಿದ್ರೂ ಇದು ತಗೊಳ್ಳಲ್ಲ ಅಣ್ಣ, ಬೇಕಾದ್ರೆ ಮೇಡಂನ ಕೇಳಿ" ಎಂದು ನನ್ನ ಕಡೆ ಕಳಿಸಿದಳು.

ಆಗ ನಾನು ಗಾಜಿನ ಕೋಣೆಯಲ್ಲಿದ್ದೆ. ವ್ಯವಹಾರವೂ ತಂತ್ರಜ್ಞಾನವೂ ಹೇಗೆ ಒಂದೇ ನೊಗಕ್ಕೆ ಬಂದವು ಎಂದು ಕಂಪನಿಯ ಹಿರಿಯರಿಗೆ ಗೋಡೆಯ ಮೇಲೆ ಚಿತ್ರ ಹಾಕಿ ತೋರಿಸುತ್ತಿದ್ದೆ. ಗಾಜಿನಾಚೆ ಕೊಂಡಿ ಅಣ್ಣ ಬಂದು ನಿಂತದ್ದು ಕಂಡಿತು. ನಾನು ಐದು ಬೆರಳು ಎತ್ತಿ ತೋರಿಸಿದೆ, ಐದು ನಿಮಿಷ ಎಂದು. ಅವರು ತಲೆಯಾಡಿಸಿ ಗೋಡೆಗೆ ಒರಗಿ ನಿಂತರು. ಮತ್ತೆ ನೋಡಿದಾಗಲೂ ಇದ್ದರು. ಆಮೇಲೆ ಪ್ರಶ್ನೆಗಳು ಬಂದವು, ಹೊಗಳಿಕೆ ಬಂತು, ನಾನು ಆ ಕಡೆ ನೋಡುವುದನ್ನೇ ಬಿಟ್ಟೆ.

ಅವರು ಅಲ್ಲೇ ಮರದ ಹಾಗೆ ನಿಂತಿರಲಿಲ್ಲ. ನಡುವೆ ಸ್ಟೋರಿಗೆ ಓಡಿದರು. ಇಪ್ಪತ್ತು ವರ್ಷ ಒಟ್ಟಿಗೆ ಚಹಾ ಕುಡಿದ ಸ್ಟೋರಿನವನು "ಚೀಟಿ ಮಷೀನಿಂದ ಬರದೆ ಗೇಟು ದಾಟಿಸಿದ್ರೆ ನನ್ನ ಕುತ್ತಿಗೆಗೆ ಬರುತ್ತೆ ಮಾರಾಯ, ಅರ್ಥ ಮಾಡ್ಕೊ" ಎಂದ. ಮತ್ತೆ ಗಾಜಿನ ಕೋಣೆಗೆ ಬಂದರು. ಆಂಬುಲೆನ್ಸ್ ಕರೆಯಬಹುದಿತ್ತಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಅವನ ಮನೆ ಇಪ್ಪತ್ತು ನಿಮಿಷದ ದಾರಿ. ಇನ್ನೈದು ನಿಮಿಷಕ್ಕೆ ಮೇಡಂ ಬರುತ್ತಾರೆ, ಒಂದು ಗುಂಡಿ ಒತ್ತಿದರೆ ಗಾಡಿ ಹೊರಡುತ್ತದೆ ಎಂದು ನಂಬಿಕೊಂಡು ನಿಂತಿದ್ದರು ಅವರು. ನಂಬಿಸಿದವಳು ನಾನು.

ಎರಡು ಮುಕ್ಕಾಲಿಗೆ ಹೊರಗೆ ಬಂದೆ. ಅವರು ಅಲ್ಲೇ ನಿಂತಿದ್ದರು. ಕಾಗದದ ಭಯವನ್ನೆಲ್ಲ ಬದಿಗಿಟ್ಟು ಎಲ್ಲ ಹೇಳಿದರು. ನಾನು ವ್ಯವಸ್ಥೆಯ ಹಿಂಬಾಗಿಲಿನಿಂದ ಚೀಟಿ ಹೊರಡಿಸಿದೆ, ಆಂಬುಲೆನ್ಸಿಗೂ ಫೋನು ಮಾಡಿದೆ. ಇಬ್ಬರೂ ಸಿಲಿಂಡರಿನ ಗಾಡಿಯಲ್ಲೇ ಹೋದೆವು. ದಾರಿಯುದ್ದಕ್ಕೂ ಅವರು ಅವನ ನಂಬರಿಗೆ ಫೋನು ಮಾಡುತ್ತಲೇ ಇದ್ದರು, ಅದು ರಿಂಗಾಗುತ್ತಲೇ ಇತ್ತು. ಮೂರನೇ ಮಹಡಿಯ ಅವನ ಮನೆಗೆ ಸಿಲಿಂಡರ್ ಹೊತ್ತು ಹತ್ತಿದಾಗ ಕಲ್ಲುಕುಟಿಗ ಗೋಡೆಗೆ ಒರಗಿ ಕೂತಿದ್ದ. ಫೋನು ತೊಡೆಯ ಮೇಲಿತ್ತು. ಕೊಂಡಿ ಅಣ್ಣ ಹೋಗಿ ನಳಿಕೆಯನ್ನು ಹೊಸ ಸಿಲಿಂಡರಿಗೆ ಸಿಕ್ಕಿಸಿ ತಿರುಪು ತಿರುಗಿಸಿದರು. ಆಂಬುಲೆನ್ಸಿನವರು ಬಂದು ಬೇಡ ಎಂದು ಅವರ ಕೈ ಬಿಡಿಸಬೇಕಾಯಿತು.

ಕಂಪನಿ ವಿಚಾರಣೆ ಮಾಡಿತು. ವ್ಯವಸ್ಥೆಯಲ್ಲಿ ಹುಡುಕಿದರೆ ಅವನ ನಂಬರಿನ ಮುಂದೆ ಆ ದಿನಕ್ಕೆ ಸೊನ್ನೆ. ಅಕ್ಕನಿಗೆ ಕಾಗದ ಹೋಯಿತು: ತಮ್ಮ ಸಹೋದರರಿಂದ ಸಂಸ್ಥೆಗೆ ಕರೆ ಬಂದ ದಾಖಲೆ ಇಲ್ಲ, ಸಂತಾಪಗಳು. ನಲವತ್ತೊಂದು ಹೆಜ್ಜೆಯಲ್ಲಿ ಒಂದೂ ತಪ್ಪಿರಲಿಲ್ಲ.

ಹೊಸ ನಂಬರಿಗೆ ಮಾಡಿ ನೋಡು ಎಂದು ಕೊಂಡಿ ಅಣ್ಣ ಅವನಿಗೆ ಹೇಳಿದ್ದು ನನ್ನ ತಲೆಯಿಂದ ಹೋಗಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಲೆಕ್ಕಕ್ಕೆ ಸೇರದ ಕರೆಗಳನ್ನು ಬಿಸಾಕುವ ಮೂಲೆಯಲ್ಲಿ ಹುಡುಕಿದೆ. ಮಾತಿಲ್ಲದೆ ಮುಗಿದ ಕರೆಗಳನ್ನು ಕರೆ ಎಂದೇ ಎಣಿಸಬಾರದು ಎಂದು ನಾನೇ ನಿಯಮ ಹಾಕಿದ್ದೆ. ಅಲ್ಲಿ ಅವನ ನಂಬರು ಎರಡು ಸಲ ಇತ್ತು. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಎರಡು ಗಂಟೆ ನಲವತ್ತು ನಿಮಿಷಕ್ಕೆ. ಹಾಕಿ ಕೇಳಿದೆ. ನಮ್ಮ ದನಿ ಸವಿಯಾಗಿ ಕೇಳುತ್ತದೆ, "ನಿಮಗೆ ಏನು ಬೇಕು?" ಉಗುರು ಗೀರುತ್ತದೆ. "ಕ್ಷಮಿಸಿ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ." ಮತ್ತೆ ಗೀರುತ್ತದೆ. ಎರಡನೆಯ ಕರೆಯಲ್ಲಿ ಗೀರು ಬಹಳ ಸಣ್ಣದು.

ಅದನ್ನು ಕೊಂಡಿ ಅಣ್ಣನಿಗೆ ಕೇಳಿಸಿದೆ. ಕೇಳಿಸಬಾರದಿತ್ತೇನೋ. ಬೀರುಗಳ ನಡುವೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಐವತ್ತೆಂಟು ವರ್ಷದ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತರು. "ನೀವು ಕೇಳಿದ ದಿನಾನೇ ಹೇಳಿದ್ರೆ ಆಗಿತ್ತಮ್ಮ. ಹೆದರಿಬಿಟ್ಟೆ" ಎಂದರು. ನಾನು ಬಿಡುವಿನಲ್ಲಿ ಒಂದು ಸಲ ಮೆಟ್ಟಿಲು ಹತ್ತಿದ್ದರೆ ಆಗಿತ್ತು. ಅದನ್ನು ಅವರಿಗೆ ಹೇಳಿದೆ. ಇಬ್ಬರಿಗೂ ಅದರಿಂದ ಏನೂ ಹಗುರಾಗಲಿಲ್ಲ.

ಮರುದಿನ ಅವರು ಎಲ್ಲವನ್ನೂ ಬರೆದು ಮ್ಯಾನೇಜರರ ಮೇಜಿನ ಮೇಲಿಟ್ಟರು. ಅಕ್ಕನಿಗೆ ಕಳಿಸಿದ ಕಾಗದ ತಿದ್ದಿ ಎಂದು ಕೊನೆಗೆ ಒಂದು ಸಾಲು. ಕಾಗದ ತಿದ್ದಲಿಲ್ಲ. ಹಳೆಯ ಫೈಲು ತೆರೆದರು, ಸಹಿ ಇತ್ತು, ಹದಿನೈದು ತಿಂಗಳು ಬಾಕಿ ಇರುವಾಗ ಕೊಂಡಿ ಅಣ್ಣನನ್ನು ಮನೆಗೆ ಕಳಿಸಿದರು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ವ್ಯವಸ್ಥೆಗೆ ನಲವತ್ತೆರಡನೆಯ ಹೆಜ್ಜೆ ಸೇರಿಸಲು ಹೇಳಿದರು. ಈಗ ಪ್ರತಿ ಮಧ್ಯಾಹ್ನ ಅದು ತಾನಾಗಿಯೇ ಎಲ್ಲ ಮನೆಗೂ ಫೋನು ಮಾಡಿ ಎಷ್ಟು ಉಳಿದಿದೆ ಎಂದು ಕೇಳುತ್ತದೆ, ಕುಟ್ಟಿದರೂ ಎಣಿಸುತ್ತದೆ. ಹೊಸ ಸರ್ವಿಸ್ ಎಂದು ಕಂಪನಿ ಅದಕ್ಕೆ ಜಾಹೀರಾತು ಕೊಟ್ಟಿದೆ.

ಅಕ್ಕನ ಮನೆಗೆ ಹೋಗಬೇಕೆಂದವರು ಕೊಂಡಿ ಅಣ್ಣನೇ. ಒಂದು ಭಾನುವಾರ ಹೋದೆವು. ಅವಳು ನಮಗೆ ಎರಡು ಕುರ್ಚಿ ಹಾಕಿ, ತಾನು ಖಾಲಿ ಮಂಚದ ತುದಿಯಲ್ಲಿ ಕೂತಳು. ಕೈಯ ಮೇಲೆಲ್ಲ ಇಸ್ತ್ರಿಯ ಸುಟ್ಟ ಗುರುತು.

"ನಿಮ್ದೇನೂ ತಪ್ಪಿಲ್ಲ ಬಿಡಿ, ಕಾಗದ ಬಂತು" ಎಂದಳು ನಾವು ಬಾಯಿ ತೆರೆಯುವ ಮುಂಚೆಯೇ. "ಹಠಮಾರಿ ಅವನು. ಚಿಕ್ಕಂದಿನಿಂದ್ಲೂ ಅಷ್ಟೇ, ಸತ್ರೂ ಯಾರನ್ನೂ ಏನೂ ಕೇಳ್ತಿರ್ಲಿಲ್ಲ. ಒಂದು ಫೋನು ಮಾಡಿದ್ರೆ ಅವನ ಗಂಟೇನು ಹೋಗ್ತಿತ್ತು? ಅಕ್ಕ ಒಬ್ಬಳೇ ಆಗ್ತಾಳೆ ಅಂತ ಒಂದು ಚೂರೂ ಅನ್ನಿಸಲಿಲ್ಲ ನೋಡಿ ಅವನಿಗೆ. ದಿನಾ ಬೆಳಗ್ಗೆ ಎದ್ದು ಬೈತೀನಿ ಅವನನ್ನ. ಬೈದೇ ಕೆಲಸಕ್ಕೆ ಹೋಗೋದು."

ಕೊಂಡಿ ಅಣ್ಣ ಯಾರ ಮಾತನ್ನೂ ಸೋಸಿ ಹೇಳುವ ಮನುಷ್ಯ. ಅವತ್ತು ಸೋಸಲಿಲ್ಲ.

"ಕೇಳಿದ ಕಣಮ್ಮ" ಎಂದರು. "ಅವತ್ತು ಮೂರು ಸಲ ಕೇಳಿದ. ಒಂದು ಸಲ ನನ್ನನ್ನ, ಎರಡು ಸಲ ಕಂಪನಿಯ ಮಷೀನನ್ನ. ನನಗೆ ಗೊತ್ತಿತ್ತು. ನನ್ನ ಕೆಲಸ ಹೋಗುತ್ತೆ ಅಂತ ಹೇಳೋಕೆ ಹೆದರಿದೆ. ಕಾಗದದಲ್ಲಿರೋದು ಸುಳ್ಳು."

"ಮಷೀನು ನಾನು ಮಾಡಿದ್ದು" ಎಂದೆ ನಾನು.

ಅವಳು ನಮ್ಮಿಬ್ಬರ ಮುಖವನ್ನೂ ನೋಡಿದಳು. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು.

"ಮೂರು ಸಲಾನಾ?"

"ಮೂರು ಸಲ."

"ಕೊನೇದು ಎಷ್ಟು ಹೊತ್ತಿಗೆ?"

"ಎರಡು ಗಂಟೆ ನಲವತ್ತಕ್ಕೆ" ಎಂದೆ.

ಅವಳು ಎದ್ದು ನಮ್ಮ ಚಪ್ಪಲಿಗಳನ್ನು ಬಾಗಿಲ ಕಡೆ ತಿರುಗಿಸಿಟ್ಟಳು. ಕಣ್ಣಲ್ಲಿ ನೀರು ತುಂಬಿತ್ತು, ದನಿಯಲ್ಲಿ ಕೋಪ ಇರಲಿಲ್ಲ.

"ನೀವಿನ್ನು ಹೊರಡಿ" ಎಂದಳು. "ಮೂರು ತಿಂಗಳಿಂದ ಸುಮ್ಮಸುಮ್ಮನೆ ಬೈದಿದ್ದೀನಿ. ನಾನು ಅವನ ಹತ್ರ ಮಾತಾಡ್ಬೇಕು."